ಅಲೆ ತಲುಪದ ಕೋಣೆ: ಮನೆಯ ನಿಸ್ತಂತು ಜಾಲವನ್ನು ವಿಸ್ತರಿಸುವ ಬಗೆ

ಮನೆಯಲ್ಲಿ ದೀಪವನ್ನು ಎಲ್ಲಿ ಇರಿಸಬೇಕೆಂಬುದನ್ನು ನಮ್ಮ ಹಿರಿಯರು ಬಹಳ ಆಲೋಚಿಸಿ ನಿಶ್ಚಯಿಸುತ್ತಿದ್ದರು. ಈಗಿನ ಮನೆಗಳಿಗೆ ದೀಪದಷ್ಟೇ ಆವಶ್ಯಕವಾದ ಇನ್ನೊಂದು ವಸ್ತು ಬಂದು ಸೇರಿದೆ. ಅದನ್ನು ಎಲ್ಲಿಡಬೇಕೆಂಬ ವಿಚಾರವನ್ನು ಮಾತ್ರ ತಂತಿ ಎಳೆಯಲು ಬಂದ ಕೆಲಸದವನಿಗೆ ಬಿಟ್ಟು ನಾವು ಸುಮ್ಮನಿರುವೆವು. ಅವನೋ, ಬಾಗಿಲಿಗೆ ಸಮೀಪವಾದ ಚಾವಡಿಯ ಗೋಡೆಯಲ್ಲಿ ಎರಡು ಮೊಳೆ ಹೊಡೆದು, ಪುಟ್ಟ ಪೆಟ್ಟಿಗೆಯೊಂದನ್ನು ತೂಗುಹಾಕಿ, ಹಸುರು ದೀಪ ಮಿನುಗಿದೊಡನೆ ಹೊರಟುಹೋಗುವನು. ಆ ಪೆಟ್ಟಿಗೆಯೇ ರೂಟರ್. ಅದರಿಂದ ಹೊರಡುವ ಅಲೆಯೇ ವೈಫೈ.

ಅನಂತರ ದೂರುಗಳು ಮೊದಲಾಗುವುವು. “ಮಾಷ್ಟ್ರೇ, ಚಾವಡಿಯಲ್ಲಿ ಇಂಟರ್ನೆಟ್ಟಿಗೆ ಏನೂ ಕೊರತೆಯಿಲ್ಲ, ಒಳಗೆ ಹೋದರೆ ಅದು ನಮ್ಮ ಹಿಂದೆ ಬರುವುದೇ ಇಲ್ಲ” ಎಂದು ಹೇಳುವವರು ನಮ್ಮ ಕಡೆ ಹಲವರು. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡತಕ್ಕದ್ದು. ಚಾವಡಿಯಲ್ಲಿ ಕುಳಿತು ಪತ್ರಿಕೆಯನ್ನೂ ಪಂದ್ಯಾಟವನ್ನೂ ನೋಡುವವನು ಮನೆಯ ಯಜಮಾನ. ಅಡಿಗೆಮನೆಯ ಹಿಂದಣ ಕೋಣೆಯಲ್ಲಿ ಪರೀಕ್ಷೆಗೆ ಓದುವವಳು ಮಗಳು. ಒಳಕೋಣೆಯಲ್ಲಿ ಮಲಗಿದಲ್ಲಿಂದಲೇ ಪರವೂರಿನ ಮಗನ ಮುಖವನ್ನು ಫೋನಿನಲ್ಲಿ ನೋಡಬೇಕಾದವಳು ವೃದ್ಧ ತಾಯಿ. ಅಲೆ ತಲುಪದ ಕೋಣೆಯು ಯಾರದೆಂದು ವಿಚಾರಿಸಿದರೆ, ಅದು ಸಾಮಾನ್ಯವಾಗಿ ಮನೆಯಲ್ಲಿ ಹೆಚ್ಚು ಆವಶ್ಯಕತೆಯುಳ್ಳವರ ಕೋಣೆಯೇ ಆಗಿರುವುದು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಫೋನಿನಲ್ಲಿ ನಡೆಯತೊಡಗಿದಾಗ, ಕರಾವಳಿ ಮಲೆನಾಡುಗಳ ಎಷ್ಟೋ ಮಕ್ಕಳು ಸಿಗ್ನಲನ್ನು ಅರಸಿ ಗುಡ್ಡ ಹತ್ತಿದುದನ್ನು ನಾವು ಮರೆತಿಲ್ಲ. ಈಗ ಗಾಜಿನ ನೂಲಿನ ತಂತಿಯು ಅಂತಹ ಅನೇಕ ಮನೆಗಳ ಹೊಸ್ತಿಲಿನವರೆಗೆ ಬಂದಿದೆ. ಹೊಸ್ತಿಲಿನಿಂದ ಒಳಕೋಣೆಗೆ ಅದನ್ನು ಕರೆದೊಯ್ಯುವ ಕೆಲಸವು ಗೃಹಸ್ಥನದು. ಅಲ್ಪ ವೆಚ್ಚದಲ್ಲಿ, ಎಷ್ಟೋ ವೇಳೆ ಕಪಾಟಿನಲ್ಲಿ ಬಿದ್ದಿರುವ ಹಳೆಯ ರೂಟರಿನಿಂದಲೇ, ಇದನ್ನು ಸಾಧಿಸುವ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅಲೆಯ ಸ್ವಭಾವ

ಶಬ್ದವು ಕಿವಿಗೆ ಬಂದು ಮುಟ್ಟುವ ಬಗೆಯನ್ನು ವಿವರಿಸಲು ನಮ್ಮ ತಾರ್ಕಿಕರು ಎರಡು ನ್ಯಾಯಗಳನ್ನು ಹೇಳಿದ್ದಾರೆ. ಒಂದು, ನೀರಿನಲ್ಲಿ ತೆರೆಯಿಂದ ತೆರೆ ಹುಟ್ಟುವಂತೆ ಎಂಬ ವೀಚೀತರಂಗನ್ಯಾಯ. ಇನ್ನೊಂದು, ಕದಂಬದ ಮೊಗ್ಗು ಎಲ್ಲ ದಿಕ್ಕುಗಳಿಗೂ ಒಮ್ಮೆಗೇ ಅರಳುವಂತೆ ಎಂಬ ಕದಂಬಮುಕುಲನ್ಯಾಯ. ರೂಟರಿನ ಅಲೆಯು ಶಬ್ದವಲ್ಲ, ಬೆಳಕಿನ ಜಾತಿಗೆ ಸೇರಿದ್ದು. ಆದರೂ ಅದು ಹರಡುವ ಕ್ರಮವನ್ನು ಮನಸ್ಸಿಗೆ ತಂದುಕೊಳ್ಳಲು ಈ ಎರಡು ಉಪಮೆಗಳು ಸಾಕು. ಕಣ್ಣಿಗೆ ಕಾಣದ ಇಂತಹ ಅಲೆಗಳು ಗೋಡೆಯನ್ನು ದಾಟಬಲ್ಲವೆಂಬುದನ್ನು 1895ರಷ್ಟು ಹಿಂದೆಯೇ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ, ದೂರದಿಂದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ಬಹಿರಂಗವಾಗಿ ತೋರಿಸಿದರು.

ಮನೆಯ ವೈಫೈ ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ನಡೆಯುವುದು. ಮೊದಲನೆಯದರ ಅಲೆಯು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವುದು, ಇದನ್ನು 2.4 ಗಿಗಾಹರ್ಟ್ಸ್ ಎನ್ನುವರು. ಇದರ ಒಂದು ತೆರೆಯ ಉದ್ದ ಸುಮಾರು ಐದು ಅಂಗುಲ. ಎರಡನೆಯದು 5 ಗಿಗಾಹರ್ಟ್ಸಿನದು. ತೆರೆಯ ಉದ್ದ ಎರಡೂವರೆ ಅಂಗುಲಕ್ಕೂ ಕಡಿಮೆ. ಎರಡನೆಯದು ಹೆಚ್ಚು ವೇಗವಾಗಿ ವಿಷಯವನ್ನು ಸಾಗಿಸಬಲ್ಲುದು. ಆದರೆ ಗೋಡೆ ಅಡ್ಡವಾದರೆ ಬೇಗ ಸೋಲುವುದು. ಮೊದಲನೆಯದು ನಿಧಾನ, ಆದರೆ ಗಟ್ಟಿ ಜೀವ.

ಇನ್ನು ನಮ್ಮ ಗೋಡೆಗಳು. ಉಡುಪಿ ಸೀಮೆಯ ಹಳೆಯ ಮನೆಗಳು ಮುರಕಲ್ಲಿನವು. 1800-01ರಲ್ಲಿ ಮಲಬಾರ್ ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಈ ಕಲ್ಲಿಗೆ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ, ‘ಲ್ಯಾಟರೈಟ್’ ಎಂಬ ಹೆಸರನ್ನಿಟ್ಟನು. ಇದು ಕಬ್ಬಿಣದ ಅಂಶ ಬಹಳವಾಗಿರುವ, ಮೈತುಂಬ ರಂಧ್ರಗಳುಳ್ಳ ಕಲ್ಲು. ಮಳೆಗಾಲದಲ್ಲಿ ನೀರನ್ನು ಕುಡಿಯುವುದು. ನೀರು ಈ ಅಲೆಗಳಿಗೆ ಒಳ್ಳೆಯ ಮಿತ್ರನಲ್ಲ. ಒಂದು ಗೋಡೆಯು ತನಗೆ ಬಂದ ಅಲೆಯಲ್ಲಿ ಹತ್ತರಲ್ಲೊಂದು ಪಾಲನ್ನು ಮಾತ್ರ ಮುಂದಕ್ಕೆ ಬಿಡುವುದೆಂದು ಲೆಕ್ಕಕ್ಕೆ ಹಿಡಿಯೋಣ. ಎರಡು ಗೋಡೆಗಳಾದರೆ ಉಳಿಯುವುದು ನೂರರಲ್ಲೊಂದು, ಮೂರಾದರೆ ಸಾವಿರದಲ್ಲೊಂದು. ಚಾವಡಿಯಿಂದ ಹಿಂಭಾಗದ ಕೋಣೆಗೆ ಎಷ್ಟು ಗೋಡೆಗಳಿವೆಯೆಂಬುದನ್ನು ಎಣಿಸಿದವನಿಗೆ ತನ್ನ ಮನೆಯ ದೂರಿನ ಮೂಲವು ತಾನಾಗಿಯೇ ತಿಳಿಯುವುದು.

ದೇಹಲೀದೀಪನ್ಯಾಯ

ಹಾಗಾದರೆ ರೂಟರಿನ ಬಲವನ್ನೇ ಹೆಚ್ಚಿಸಬಾರದೆ ಎಂದು ಕೇಳುವವರುಂಟು. ಇದಕ್ಕೆ ನನ್ನ ವೃತ್ತಿಯಿಂದಲೇ ಉತ್ತರ ಹೇಳುವೆನು. ಉಪಾಧ್ಯಾಯನು ಎಷ್ಟು ಗಟ್ಟಿಯಾಗಿ ಕೂಗಿದರೂ, ಹಿಂದಿನ ಬೆಂಚಿನ ಹುಡುಗನು ಪಿಸುಗುಟ್ಟಿದ ಉತ್ತರವು ಅವನಿಗೆ ಕೇಳಿಸದು. ವೈಫೈ ಎಂಬುದು ಏಕಪಕ್ಷದ ಉಪನ್ಯಾಸವಲ್ಲ, ಸಂವಾದ. ರೂಟರು ಕಳುಹಿಸಿದುದಕ್ಕೆ ಫೋನು ಮರುನುಡಿಯಬೇಕು, ಫೋನಿನ ದನಿಯೋ ಬಹು ಮೆಲ್ಲಗಿನದು. ಆದುದರಿಂದ ಕೂಗನ್ನು ಹೆಚ್ಚಿಸುವುದಕ್ಕಿಂತ, ನಡುವೆ ಇನ್ನೊಬ್ಬನನ್ನು ನಿಲ್ಲಿಸಿ ಮಾತನ್ನು ದಾಟಿಸುವುದು ಮೇಲು.

ಆ ಇನ್ನೊಬ್ಬನನ್ನು ಎಲ್ಲಿ ನಿಲ್ಲಿಸಬೇಕು? ಅಲೆ ಬಾರದ ಕೋಣೆಯಲ್ಲಿಯೇ ಎರಡನೆಯ ಪೆಟ್ಟಿಗೆಯನ್ನು ಇಡುವುದು ಅನೇಕರ ವಾಡಿಕೆ. ಅಲ್ಲಿಗೆ ಮೊದಲನೆಯದರ ಅಲೆಯೇ ಬಾರದಿರುವಾಗ ಎರಡನೆಯದು ದಾಟಿಸುವುದಾದರೂ ಏನನ್ನು? ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದೆಂದು ನಮ್ಮ ಶಾಸ್ತ್ರಕಾರರು ಹೇಳುವ ದೇಹಲೀದೀಪನ್ಯಾಯವೇ ಇಲ್ಲಿಗೆ ಸರಿಯಾದ ಸೂತ್ರ. ಚಾವಡಿಯ ಅಲೆ ಇನ್ನೂ ಚೆನ್ನಾಗಿ ಸಿಕ್ಕುತ್ತಿರುವ, ಒಳಕೋಣೆಗೂ ತೆರೆದಿರುವ ನಡುಮನೆಯ ಬಾಗಿಲ ಬಳಿಯೇ ಅದರ ಸ್ಥಾನ.

ಇದರಲ್ಲಿಯೂ ಒಂದು ಕೊರತೆಯುಂಟು. ಒಂದೇ ಪಟ್ಟಿಯಲ್ಲಿ ಕೇಳಿ ಅದೇ ಪಟ್ಟಿಯಲ್ಲಿ ಹೇಳುವ ಪೆಟ್ಟಿಗೆಯು ಏಕಕಾಲದಲ್ಲಿ ಎರಡನ್ನೂ ಮಾಡಲಾರದು. ಪ್ರತಿಯೊಂದು ಮಾತೂ ಎರಡು ಸಲ ಆಡಲ್ಪಡುವುದರಿಂದ ವೇಗವು ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದು. ಎರಡು ಪಟ್ಟಿಗಳುಳ್ಳ ಪೆಟ್ಟಿಗೆಯಾದರೆ ಒಂದರಲ್ಲಿ ಕೇಳಿ ಮತ್ತೊಂದರಲ್ಲಿ ಹೇಳಬಹುದು. ಎಲ್ಲಕ್ಕಿಂತ ಉತ್ತಮವಾದುದು ಎರಡು ಪೆಟ್ಟಿಗೆಗಳ ನಡುವೆ ತಂತಿಯನ್ನೇ ಎಳೆಯುವುದು. ಸಾಮಾನ್ಯವಾದ ಈಥರ್ನೆಟ್ ತಂತಿಯು 100 ಮೀಟರಿನವರೆಗೆ ಯಾವ ಕುಂದೂ ಇಲ್ಲದೆ ಕೆಲಸ ಮಾಡುವುದು. ಯಾವ ಮನೆಯ ಉದ್ದವೂ ಅಷ್ಟಿಲ್ಲ. ನಿಸ್ತಂತುವಿನ ಅತ್ಯುತ್ತಮ ಸಹಾಯಕ ತಂತಿಯೇ ಎಂಬುದು ವಿಚಿತ್ರವಾದರೂ ಸತ್ಯ.

ಪೆಟ್ಟಿಗೆಯೊಳಗಣ ಲಿಪಿ

ಕಪಾಟಿನಲ್ಲಿರುವ ಹಳೆಯ ರೂಟರಿಗೆ ಈ ದೌತ್ಯವನ್ನು ಕಲಿಸುವುದು ಹೇಗೆ? ರೂಟರೆಂಬುದು ನಿಜವಾಗಿ ಒಂದು ಚಿಕ್ಕ ಕಂಪ್ಯೂಟರು. ಅದರೊಳಗೆ ತಯಾರಕರು ಬರೆದಿರಿಸಿದ ಆಜ್ಞಾವಳಿಯೊಂದಿದೆ. ಅದಕ್ಕೆ ಫರ್ಮ್‌ವೇರ್ ಎಂದು ಹೆಸರು. ಪೆಟ್ಟಿಗೆಯ ಯಂತ್ರಭಾಗಕ್ಕೆ ಸಾಮರ್ಥ್ಯವಿದ್ದರೂ, ಫರ್ಮ್‌ವೇರು ಅನುಮತಿಸದ ಕೆಲಸವನ್ನು ಅದು ಮಾಡಲಾರದು. ಈ ಆಜ್ಞಾವಳಿಯನ್ನು ತೆಗೆದು, ಅದರ ಸ್ಥಾನದಲ್ಲಿ ಬೇರೆಯವರು ಬರೆದು ಲೋಕಕ್ಕೆ ಉಚಿತವಾಗಿ ಕೊಟ್ಟಿರುವ ಮತ್ತೊಂದನ್ನು ತುಂಬಬಹುದೆಂಬುದು ಬಹುಜನರಿಗೆ ತಿಳಿಯದು.

ಇದರ ಚರಿತ್ರೆಯು ಸ್ವಾರಸ್ಯವಾದುದು. 2002ರ ಕೊನೆಯಲ್ಲಿ ಅಮೆರಿಕದ ಲಿಂಕ್‌ಸಿಸ್ ಸಂಸ್ಥೆಯು ಡಬ್ಲ್ಯುಆರ್‌ಟಿ54ಜಿ ಎಂಬ ರೂಟರನ್ನು ಮಾರುಕಟ್ಟೆಗೆ ತಂದಿತು. ಅದರ ಫರ್ಮ್‌ವೇರಿನಲ್ಲಿ ಲಿನಕ್ಸ್ ಇದೆಯೆಂಬುದನ್ನು ಕೆಲವು ಕುತೂಹಲಿಗಳು ಕಂಡುಹಿಡಿದರು. ಲಿನಕ್ಸಿನ ಲೈಸೆನ್ಸಿನ ನಿಯಮ ಸ್ಪಷ್ಟವಾಗಿದೆ: ಅದನ್ನು ಬಳಸಿ ವಸ್ತುವನ್ನು ಮಾರುವವನು, ಕೊಂಡವನಿಗೆ ಮೂಲಲಿಪಿಯನ್ನೂ ಕೊಡಬೇಕು. ವಿದ್ಯೆಯನ್ನು ಪಡೆದವನು ಮುಂದಿನವನಿಗೆ ದಾನಮಾಡತಕ್ಕದ್ದೆಂಬ ನಮ್ಮ ಗುರುಕುಲದ ಕಟ್ಟಳೆಯಂತೆಯೇ ಇದೂ. 2003ರಲ್ಲಿ ಮೂಲಲಿಪಿಯು ಪ್ರಕಟವಾಯಿತು. ಅದರ ಆಧಾರದ ಮೇಲೆ 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಸ್ವತಂತ್ರ ಫರ್ಮ್‌ವೇರು ಆರಂಭವಾಯಿತು. ಜರ್ಮನಿಯ ಸೆಬಾಸ್ಟಿಯನ್ ಗಾಟ್‌ಶಾಲ್ ಎಂಬಾತನ ಡಿಡಿ-ಡಬ್ಲ್ಯುಆರ್‌ಟಿಯೂ ಅದೇ ಸುಮಾರಿಗೆ ಬೆಳೆಯಿತು. ಲಿಂಕ್‌ಸಿಸನ್ನು ಕೊಂಡುಕೊಂಡಿದ್ದ ಸಿಸ್ಕೋ ಸಂಸ್ಥೆಯ ಮೇಲೆ ಇದೇ ಬಗೆಯ ಲಿಪಿಗಳ ವಿಷಯದಲ್ಲಿ 2008ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನು ದಾವೆ ಹೂಡಿ, 2009ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಈಗ ಓಪನ್‌ಡಬ್ಲ್ಯುಆರ್‌ಟಿಯು ನೂರಾರು ಮಾದರಿಯ ರೂಟರುಗಳಲ್ಲಿ ನಡೆಯುವುದು. 2024ರ ನವೆಂಬರಿನಲ್ಲಿ ಆ ಬಳಗವು ತನ್ನದೇ ಆದ ಓಪನ್‌ಡಬ್ಲ್ಯುಆರ್‌ಟಿ ವನ್ ಎಂಬ ರೂಟರನ್ನೂ ಹೊರತಂದಿದೆ.

ಇದನ್ನು ತುಂಬಿದ ಹಳೆಯ ಪೆಟ್ಟಿಗೆಗೆ ಮೂರು ವಿದ್ಯೆಗಳು ಬರುವುವು. ತಂತಿಯ ತುದಿಯಲ್ಲಿ ನಿಂತು ಹೊಸ ಅಲೆಯನ್ನು ಹೊರಡಿಸುವುದು ಮೊದಲನೆಯದು. ತಂತಿ ಎಳೆಯಲಾಗದ ಕಡೆ, ಒಂದು ಪಟ್ಟಿಯಲ್ಲಿ ಕೇಳಿ ಇನ್ನೊಂದರಲ್ಲಿ ದಾಟಿಸುವುದು ಎರಡನೆಯದು. 802.11ಎಸ್ ಎಂಬ ಕ್ರಮದಂತೆ ಹಲವು ಪೆಟ್ಟಿಗೆಗಳು ತಮ್ಮತಮ್ಮಲ್ಲೇ ದಾರಿಯನ್ನು ಗೊತ್ತುಮಾಡಿಕೊಂಡು ಬಲೆಯಂತೆ ಹೆಣೆದುಕೊಳ್ಳುವುದು ಮೂರನೆಯದು. ಒಂದು ಕಳಚಿದರೆ ಮಾತು ಇನ್ನೊಂದರ ಮೂಲಕ ಹರಿಯುವುದು. ಮೂಲ ತಯಾರಕರು ಅಗ್ಗದ ಮಾದರಿಗಳಲ್ಲಿ ಎಷ್ಟೋ ವೇಳೆ ಈ ಕೊನೆಯದನ್ನು ಕೊಡುವುದೇ ಇಲ್ಲ.

ನಾಲ್ಕು ಊರು, ನಾಲ್ಕು ತೊಡಕು

ಎಲ್ಲ ರೋಗಕ್ಕೂ ಒಂದೇ ಕಷಾಯವಿಲ್ಲ. ನಮ್ಮ ಜಿಲ್ಲೆಯ ನಾಲ್ಕು ಊರುಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು.

ಉಡುಪಿಯ ಪೇಟೆಯಲ್ಲಿರುವ ಹಳೆಯ ಮನೆಗಳಲ್ಲಿ ಅನೇಕವು ಮುಂದೆ ಕಿರಿದಾಗಿ ಹಿಂದಕ್ಕೆ ಉದ್ದವಾಗಿರುವುವು. ಇಲ್ಲಿನ ತೊಡಕು ಗೋಡೆ. ಇದಕ್ಕೆ ತಂತಿಯೇ ಮದ್ದು. ನಮ್ಮ ಮನೆಯಲ್ಲಿಯೂ ಮಾಡಿರುವುದು ಅದನ್ನೇ: ಚಾವಡಿಯಿಂದ ಮುಚ್ಚಿಗೆಯ ಅಂಚಿನಲ್ಲಿ ಒಂದು ತಂತಿಯು ಹಿಂದಣ ಕೋಣೆಗೆ ಹೋಗಿದೆ, ಅದರ ತುದಿಯಲ್ಲಿ ಹಳೆಯ ರೂಟರೊಂದು ಓಪನ್‌ಡಬ್ಲ್ಯುಆರ್‌ಟಿಯನ್ನು ಧರಿಸಿ ಕುಳಿತಿದೆ. ಇಂತಹ ಎರಡನೆಯ ಪೆಟ್ಟಿಗೆಗೆ ಮೂರು ಸಂಗತಿಗಳನ್ನು ಹೇಳಿಕೊಡಬೇಕು. ವಿಳಾಸ ಹಂಚುವ ಕೆಲಸವನ್ನು, ಎಂದರೆ ಡಿಎಚ್‌ಸಿಪಿಯನ್ನು, ನಿಲ್ಲಿಸಬೇಕು. ಒಂದು ಮನೆಗೆ ಇಬ್ಬರು ಶ್ಯಾನುಭೋಗರಿರಬಾರದು. ಅದರ ಸ್ವಂತ ವಿಳಾಸವು ಮೊದಲನೆಯದಕ್ಕಿಂತ ಬೇರೆಯಾಗಿರಬೇಕು, ಮೊದಲನೆಯದು 192.168.1.1 ಆಗಿದ್ದರೆ ಇದು 192.168.1.2 ಆಗಲಿ. ತಂತಿಯನ್ನು ಅದರ ಲ್ಯಾನ್ ರಂಧ್ರಕ್ಕೇ ಸೇರಿಸಬೇಕು. ವೈಫೈಯ ಹೆಸರನ್ನೂ ಪಾಸ್‌ವರ್ಡನ್ನೂ ಮೊದಲನೆಯದರಂತೆಯೇ ಇಟ್ಟರೆ, ಮನೆಯವರು ಕೋಣೆಯಿಂದ ಕೋಣೆಗೆ ಹೋಗುವಾಗ ಫೋನು ತಾನಾಗಿ ಹತ್ತಿರದ ಪೆಟ್ಟಿಗೆಯನ್ನು ಹಿಡಿಯುವುದು.

ಮಣಿಪಾಲದ ತೊಡಕು ಇದಕ್ಕೆ ವಿಪರೀತ. ಅಲ್ಲಿ ಅಲೆಯ ಅಭಾವವಿಲ್ಲ, ಅತಿವೃಷ್ಟಿಯಿದೆ. ವಿದ್ಯಾರ್ಥಿಗಳ ವಸತಿಗಳಲ್ಲಿಯೂ ಬಹುಮಹಡಿಯ ಕಟ್ಟಡಗಳಲ್ಲಿಯೂ ಒಂದು ಫೋನಿಗೆ ಹತ್ತಾರು ನೆರೆಹೊರೆಯ ವೈಫೈಗಳು ಕಾಣುವುವು. ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಮಾತೂ ಕೇಳಿಸದು. 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಒಂದಕ್ಕೊಂದು ತಗಲದ ದಾರಿಗಳು ಮೂರೇ: 1, 6 ಮತ್ತು 11. ಸುತ್ತಮುತ್ತ ಯಾವುದರಲ್ಲಿ ಗದ್ದಲ ಕಡಿಮೆಯೆಂದು ನೋಡಿ ಅದನ್ನು ಆರಿಸುವುದು, ಸಾಧ್ಯವಾದಷ್ಟು 5 ಗಿಗಾಹರ್ಟ್ಸಿಗೆ ಹೋಗುವುದು, ಅಲೆಯ ಬಲವನ್ನು ಕೋಣೆಗೆ ಬೇಕಾದಷ್ಟಕ್ಕೇ ತಗ್ಗಿಸುವುದು, ಇಷ್ಟೇ ಇಲ್ಲಿಯ ಚಿಕಿತ್ಸೆ. ಈ ಹತೋಟಿಗಳನ್ನು ಗೃಹಸ್ಥನ ಕೈಗೆ ಪೂರ್ಣವಾಗಿ ಒಪ್ಪಿಸುವುದು ಸ್ವತಂತ್ರ ಫರ್ಮ್‌ವೇರಿನ ದೊಡ್ಡ ಗುಣ.

ಕಾಪುವಿನ ಕಡಲ ದಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅದರ ಬೆಳಕು ಬಹು ದೂರ ಹೋಗಲು ಕಾರಣ, ಎದುರಿಗೆ ಯಾವ ಅಡ್ಡಿಯೂ ಇಲ್ಲದ ಬಯಲಾದ ಸಮುದ್ರ. ವೈಫೈಯದೂ ಅದೇ ರೀತಿ. ಗೋಡೆಯಿಲ್ಲದ ಕಡೆ ಅದು ಸರಾಗವಾಗಿ ಸಾಗುವುದು. ಕಾಪುವಿನ ತೆಂಗಿನ ತೋಟದ ಮನೆಯಲ್ಲಿ ತೊಡಕಾಗುವುದು ದೂರಕ್ಕಿಂತಲೂ ಉಪ್ಪುಗಾಳಿ. ಬಯಲಿಗಿಟ್ಟ ಪೆಟ್ಟಿಗೆಯ ಲೋಹದ ಭಾಗಗಳು ಬೇಗ ತುಕ್ಕು ಹಿಡಿಯುವುವು. ಅಂಗಳಕ್ಕೆ ಅಲೆ ಬೇಕಾದರೆ ಪೆಟ್ಟಿಗೆಯನ್ನು ಹೊರಗಿಡದೆ, ಅಂಗಳದ ಕಡೆಗಿರುವ ಕಿಟಿಕಿಯ ಒಳಬದಿಯಲ್ಲಿ ಎತ್ತರದಲ್ಲಿ ಇಡುವುದು ಯುಕ್ತ.

ಕಾರ್ಕಳದ ಕಡೆ ಅಡಕೆ ತೋಟದ ನಡುವೆ ಒಂದೇ ಕುಟುಂಬದ ಎರಡು ಮನೆಗಳಿರುವುದುಂಟು: ಹಳೆಯದರಲ್ಲಿ ತಂದೆತಾಯಿಗಳು, ಹೊಸದರಲ್ಲಿ ಮಗ. ನಡುವೆ 200 ಮೀಟರು. ದಿಕ್ಕಿಗೊತ್ತಿದ ಆಂಟೆನಾವುಳ್ಳ ಎರಡು ಪೆಟ್ಟಿಗೆಗಳು ಇಷ್ಟು ದೂರವನ್ನು ಸುಲಭವಾಗಿ ದಾಟಬಲ್ಲವು. ಆದರೆ ಒಂದಕ್ಕೊಂದು ಕಾಣಬೇಕು. ಬರಿಯ ಗೆರೆಯಷ್ಟು ದಾರಿ ಸಾಲದು. ನಡುದಾರಿಯಲ್ಲಿ ಆ ಗೆರೆಯ ಸುತ್ತ ಸುಮಾರು ಎಂಟು ಅಡಿ ಬಯಲಿದ್ದರೆ ಒಳ್ಳೆಯದು. ತೇವದ ಸೋಗೆಗಳು ಅಲೆಯನ್ನು ನುಂಗುವುವು. ಬೇಸಗೆಯಲ್ಲಿ ಸರಿಯಾಗಿ ನಡೆದುದು ಆಟಿಯ ಮಳೆಯಲ್ಲಿ ನಿಂತರೆ ಆಶ್ಚರ್ಯಪಡಬೇಕಾಗಿಲ್ಲ. ಮರಗಳ ನಡುವೆ ಕಣ್ಣಳತೆಯ ದಾರಿ ಸಿಕ್ಕದಿದ್ದರೆ ಗಾಜಿನ ನೂಲಿನ ತಂತಿಯನ್ನೇ ಎಳೆಸುವುದು ಲೇಸು. ಅಷ್ಟು ದೂರಕ್ಕೆ ತಾಮ್ರದ ತಂತಿಯು ಸಲ್ಲದು. ಅಲ್ಲದೆ ಸಿಡಿಲಿನ ಕಾಲದಲ್ಲಿ ಅದು ವಿಪತ್ತನ್ನು ಎರಡೂ ಮನೆಗಳಿಗೆ ಹಂಚುವುದು.

ಕೈಹಾಕುವ ಮುನ್ನ

ಫರ್ಮ್‌ವೇರನ್ನು ಬದಲಿಸುವುದು ಕಷ್ಟವಲ್ಲ; ಆದರೆ ಅವಸರದವರ ಕೆಲಸವಲ್ಲ. ಕ್ರಮವನ್ನು ಸಂಗ್ರಹವಾಗಿ ಹೇಳುವೆನು.

ಮೊದಲನೆಯದಾಗಿ, ಕಂಪೆನಿಯವರು ಗಾಜಿನ ತಂತಿಯ ತುದಿಗೆ ಇಟ್ಟುಹೋದ ಪೆಟ್ಟಿಗೆಯನ್ನು ಮುಟ್ಟಬಾರದು. ಅದು ಸಾಮಾನ್ಯವಾಗಿ ಅವರ ಸೊತ್ತು. ಅದು ಕೆಟ್ಟರೆ ಮನೆಯ ಸಂಪರ್ಕವೇ ನಿಲ್ಲುವುದು. ಪ್ರಯೋಗವೆಲ್ಲ ನಮ್ಮದೇ ಆದ ಎರಡನೆಯ ಪೆಟ್ಟಿಗೆಯ ಮೇಲೆ ನಡೆಯಲಿ. ಹೊಸದಾದರೆ ಅದರ ವಾರಂಟಿಯನ್ನು ಕಳೆದುಕೊಳ್ಳಬೇಕಾಗಬಹುದೆಂಬುದೂ ನೆನಪಿರಲಿ.

ಎರಡನೆಯದಾಗಿ, ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಬೇಕು. ಮಾದರಿಯ ಹೆಸರಷ್ಟೇ ಸಾಲದು. ಅದರ ಮುಂದೆ ವಿ1, ವಿ2, ವಿ6 ಎಂದು ಆವೃತ್ತಿಯ ಸಂಖ್ಯೆಯಿರುವುದು. ಹೆಸರು ಒಂದೇ ಆದರೂ ಆವೃತ್ತಿ ಬೇರೆಯಾದರೆ ಒಳಗಿನ ಯಂತ್ರವೇ ಬೇರೆಯಾಗಿರಬಹುದು. ಓಪನ್‌ಡಬ್ಲ್ಯುಆರ್‌ಟಿಯವರು ಪ್ರಕಟಿಸಿರುವ ಯಂತ್ರಗಳ ಪಟ್ಟಿಯಲ್ಲಿ ಅದೇ ಆವೃತ್ತಿಯಿದ್ದರೆ ಮಾತ್ರ ಮುಂದುವರಿಯುವುದು. 16 ಮೆಗಾಬೈಟ್ ಸಂಗ್ರಹ, 128 ಮೆಗಾಬೈಟ್ ಸ್ಮೃತಿ ಇಲ್ಲದ ಪೆಟ್ಟಿಗೆಗಳು ಇಂದಿನ ಆವೃತ್ತಿಗಳಿಗೆ ಸಾಲವು. ಈ ಚರಿತ್ರೆಗೆ ನಾಂದಿ ಹಾಡಿದ ಡಬ್ಲ್ಯುಆರ್‌ಟಿ54ಜಿಗೇ ಈಗ ಇದರಲ್ಲಿ ಸ್ಥಳವಿಲ್ಲ.

ಮೂರನೆಯದಾಗಿ, ತಯಾರಕರ ಮೂಲ ಫರ್ಮ್‌ವೇರಿನ ಪ್ರತಿಯನ್ನೂ, ಕೆಟ್ಟರೆ ಸರಿಪಡಿಸುವ ವಿಧಾನವನ್ನೂ ಮೊದಲೇ ಇಳಿಸಿಟ್ಟುಕೊಳ್ಳಬೇಕು. ಸಂಪರ್ಕ ತಪ್ಪಿದ ಮೇಲೆ ಹುಡುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಇಳಿಸಿದ ಕಡತವು ಅಕ್ಷರವೂ ತಪ್ಪದೆ ಬಂದಿದೆಯೆಂಬುದನ್ನು ಅದರೊಂದಿಗೆ ಕೊಟ್ಟಿರುವ ಪರಿಶೀಲನ ಸಂಖ್ಯೆಯೊಡನೆ ತಾಳೆ ನೋಡಬೇಕು. ಕಂಪ್ಯೂಟರನ್ನು ರೂಟರಿಗೆ ತಂತಿಯಿಂದಲೇ ಸೇರಿಸಿ, ಗುಡುಗು ಮಿಂಚಿಲ್ಲದ ದಿನದಲ್ಲಿ, ಇನ್ವರ್ಟರಿನ ಆಸರೆಯಲ್ಲಿ ಕೆಲಸ ನಡೆಸಬೇಕು. ತುಂಬುವ ಕೆಲವು ನಿಮಿಷಗಳಲ್ಲಿ ವಿದ್ಯುತ್ತು ಹೋದರೆ ಪೆಟ್ಟಿಗೆಯು ಜಡವಾಗಿ ಬೀಳಬಹುದು.

ನಾಲ್ಕನೆಯದಾಗಿ, ಹೊಸ ಫರ್ಮ್‌ವೇರು ಮೊದಲು ಎದ್ದಾಗ ಸಾಮಾನ್ಯವಾಗಿ ವೈಫೈಯು ಮುಚ್ಚಿರುವುದು, ಆಡಳಿತದ ಪಾಸ್‌ವರ್ಡು ಬರಿದಾಗಿರುವುದು. ಇದನ್ನು ಕಂಡು ಗಾಬರಿಯಾಗದೆ, ಮೊದಲು ಒಳ್ಳೆಯ ಪಾಸ್‌ವರ್ಡನ್ನು ಕೊಟ್ಟು, ಅನಂತರ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಬೀಗದೊಡನೆ ವೈಫೈಯನ್ನು ತೆರೆಯಬೇಕು. ದೇಶವೆಂಬ ಸ್ಥಳದಲ್ಲಿ ಭಾರತವನ್ನೇ ನಮೂದಿಸಬೇಕು.

ಸ್ವಾತಂತ್ರ್ಯವೂ ಹೊಣೆಯೂ

ಈ ಕೊನೆಯ ಮಾತು ಬರಿಯ ಔಪಚಾರಿಕವಲ್ಲ. ಆಕಾಶವು ಎಲ್ಲರ ಸೊತ್ತು. ಅದರ ಬಳಕೆಗೆ ಕಟ್ಟಳೆಗಳುಂಟು. ಭಾರತ ಸರ್ಕಾರವು 2.4 ಗಿಗಾಹರ್ಟ್ಸಿನ ಪಟ್ಟಿಯನ್ನು 2005ರ ಜನವರಿಯಲ್ಲಿಯೂ, 5 ಗಿಗಾಹರ್ಟ್ಸಿನ ವಿಸ್ತಾರವಾದ ಭಾಗಗಳನ್ನು 2018ರ ಅಕ್ಟೋಬರಿನಲ್ಲಿಯೂ ಲೈಸೆನ್ಸಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಆದರೆ ಶಕ್ತಿಗೆ ಮಿತಿಯನ್ನು ಇಟ್ಟೇ ಕೊಟ್ಟಿತು. ಅಮೆರಿಕದಲ್ಲಿ ಮಿತಿ ಮೀರಲು ಅವಕಾಶವಿದ್ದ ರೂಟರುಗಳ ವಿಷಯದಲ್ಲಿ 2016ರಲ್ಲಿ ಟಿಪಿ-ಲಿಂಕ್ ಸಂಸ್ಥೆಯು ಎರಡು ಲಕ್ಷ ಡಾಲರುಗಳನ್ನು ತೆರಬೇಕಾಯಿತು. ಅದೇ ಒಪ್ಪಂದದಲ್ಲಿ, ಅನ್ಯರ ಫರ್ಮ್‌ವೇರಿಗೆ ಎಡೆಕೊಡುವ ದಾರಿಯನ್ನು ಶೋಧಿಸಬೇಕೆಂಬ ಷರತ್ತೂ ಇದ್ದಿತು. ಸ್ವಾತಂತ್ರ್ಯವನ್ನು ಕಸಿಯದೆ ಮಿತಿಯನ್ನು ಕಾಯುವುದೇ ಸರಿಯಾದ ನೀತಿ.

ಇನ್ನೊಂದು ಹೊಣೆಯು ರಕ್ಷಣೆಯದು. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶವು 54 ದೇಶಗಳಲ್ಲಿ ಸುಮಾರು ಐದು ಲಕ್ಷ ರೂಟರು ಮೊದಲಾದ ಯಂತ್ರಗಳನ್ನು ಹೊಕ್ಕಿದ್ದುದು ಬೆಳಕಿಗೆ ಬಂದಿತು. ತಯಾರಕರು ಕೆಲವು ವರ್ಷಗಳ ಬಳಿಕ ಹಳೆಯ ಮಾದರಿಗಳಿಗೆ ದುರಸ್ತಿ ಕಳುಹಿಸುವುದನ್ನು ನಿಲ್ಲಿಸುವರು. ಅನಂತರ ಆ ಪೆಟ್ಟಿಗೆಯು ಬೀಗ ಸವೆದ ಬಾಗಿಲಿನಂತೆ. ಸ್ವತಂತ್ರ ಫರ್ಮ್‌ವೇರು ಅಂತಹ ಎಷ್ಟೋ ಪೆಟ್ಟಿಗೆಗಳಿಗೆ ಹೊಸ ಬೀಗವನ್ನು ಕೊಡುವುದು. ಆದರೆ ಅದನ್ನು ಹಾಕಬೇಕಾದವರು ನಾವೇ. ಒಮ್ಮೆ ತುಂಬಿ ಮರೆತರೆ ಅದೂ ಕಾಲಕ್ರಮದಲ್ಲಿ ಸವೆಯುವುದು. ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡುವಷ್ಟು ವ್ಯವಧಾನವಿಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ಇದು ಒಂದು ಮನೆಗೆ ಮುಗಿಯುವ ವಿದ್ಯೆಯೂ ಅಲ್ಲ. 2005ರಲ್ಲಿ ಸರ್ಕಾರದ ಅನುಮತಿ ದೊರೆತ ಕೂಡಲೇ ಹಿಮಾಲಯದ ಧರ್ಮಶಾಲೆಯಲ್ಲಿ, ಫರ್ಮ್‌ವೇರ್ ಬದಲಿಸಿದ ಅದೇ ಡಬ್ಲ್ಯುಆರ್‌ಟಿ54ಜಿ ರೂಟರುಗಳಿಂದ ಬೆಟ್ಟದಿಂದ ಬೆಟ್ಟಕ್ಕೆ ಜಾಲವನ್ನು ಹೆಣೆದು ಶಾಲೆಗಳಿಗೂ ಸಂಸ್ಥೆಗಳಿಗೂ ಸಂಪರ್ಕವನ್ನು ಕೊಟ್ಟರು. ನಮ್ಮ ರಾಜ್ಯದಲ್ಲಿಯೇ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನಲ್ಲಿ ಜನಸ್ತು ಎಂಬ ಸಂಸ್ಥೆಯು ಹಳ್ಳಿಗರದೇ ಆದ ನಿಸ್ತಂತು ಬಲೆಯನ್ನು ಕಟ್ಟುವ ಪ್ರಯತ್ನ ನಡೆಸಿದೆ. ನೆಲವೂ ಜನವೂ ಬೇರೆ. ಆಧಾರವಾದ ವಿದ್ಯೆ ಒಂದೇ.

ಗೃಹಸ್ಥರು ಇದಕ್ಕಾಗಿ ಯಂತ್ರಶಾಸ್ತ್ರಜ್ಞರಾಗಬೇಕಾಗಿಲ್ಲ. ಮೊದಲು ಫೋನನ್ನು ಕೈಯಲ್ಲಿ ಹಿಡಿದು ಮನೆಯ ಪ್ರತಿಯೊಂದು ಕೋಣೆಯಲ್ಲಿಯೂ ನಿಂತು ನೋಡಲಿ. ಅಲೆ ಎಲ್ಲಿ ಕ್ಷೀಣಿಸುವುದು, ಆ ಕೋಣೆ ಯಾರದು ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಲಿ. ಎಷ್ಟೋ ಮನೆಗಳಲ್ಲಿ ರೂಟರನ್ನು ಚಾವಡಿಯಿಂದ ನಡುಮನೆಗೆ ಸರಿಸಿದ ಮಾತ್ರದಿಂದಲೇ, ಒಂದು ಕಾಸಿನ ವೆಚ್ಚವೂ ಇಲ್ಲದೆ, ಅರ್ಧ ದೂರು ತೀರುವುದು. ತೀರದ ಅರ್ಧಕ್ಕೆ ಒಂದು ತಂತಿ, ಒಂದು ಹಳೆಯ ಪೆಟ್ಟಿಗೆ, ಒಂದು ಭಾನುವಾರದ ಮಧ್ಯಾಹ್ನ ಮತ್ತು ಓದುವ ತಾಳ್ಮೆ ಇದ್ದರೆ ಸಾಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರನ್ನೂ ಜೊತೆಗೆ ಕೂಡಿಸಿಕೊಳ್ಳಲಿ. ತಮ್ಮ ಕೋಣೆಗೆ ಅಲೆಯನ್ನು ತಾವೇ ತಂದುಕೊಂಡ ಮಕ್ಕಳು ಪೆಟ್ಟಿಗೆಯೊಳಗಣ ಲಿಪಿಗೆ ಅಂಜುವುದಿಲ್ಲ.